ಗಣಕಯಂತ್ರವು ಗುರುತು ತಪ್ಪಿದಾಗ

ಶಹಾಪುರಕ್ಕೆ ಹೋಗಿ ಬಂದವರಿಗೆ ಅಲ್ಲಿಯ ಬೆಟ್ಟಸಾಲಿನ ಪರಿಚಯ ಇದ್ದೇ ಇರುವುದು. ರಸ್ತೆಯ ಒಂದು ನೆಲೆಯಲ್ಲಿ ನಿಂತು ನೋಡಿದರೆ ನಾಲ್ಕು ಗುಡ್ಡಗಳು ಒಂದಕ್ಕೊಂದು ಕೂಡಿಕೊಂಡು, ಅಂಗಾತ ಮಲಗಿದ ಬುದ್ಧನ ಆಕೃತಿಯಾಗಿ ಕಾಣುತ್ತವೆ. ಮುಖ, ಎದೆ, ಚಾಚಿದ ಕಾಲು, ಎಲ್ಲವೂ ಅಲ್ಲುಂಟು. ಆದರೆ ನೋಡುವವನು ನೆಲೆಯನ್ನು ಬದಲಿಸಿ ಮುಂದೆ ನಡೆದನೆಂದರೆ ಬುದ್ಧನು ಮರೆಯಾಗಿ, ಬಂಡೆಗಳ ಗುಡ್ಡಗಳು ಮಾತ್ರ ಉಳಿಯುವುವು. ಬೆಟ್ಟವು ಬದಲಾಗಲಿಲ್ಲ, ನಮ್ಮ ಕಣ್ಣೂ ಕೆಡಲಿಲ್ಲ. ಕೆಲವೇ ಗೆರೆಗಳನ್ನು ಆಧಾರವಾಗಿ ಹಿಡಿದು ಮನಸ್ಸು ಒಂದು ತೀರ್ಮಾನಕ್ಕೆ ಬಂದಿತ್ತು, ಅಷ್ಟೆ.

ನಮ್ಮ ಗಣಕಯಂತ್ರಗಳೂ ಇಂತಹ ತೀರ್ಮಾನಗಳನ್ನು ದಿನವೂ ಮಾಡುತ್ತಿವೆ. ಮೌಸ್, ಕೀಲಿಮಣೆ, ಪೆನ್‌ಡ್ರೈವ್, ಮುದ್ರಣಯಂತ್ರ, ಇವುಗಳಲ್ಲಿ ಯಾವುದನ್ನು ಯು.ಎಸ್.ಬಿ. ಕಿಂಡಿಗೆ ಸಿಕ್ಕಿಸಿದರೂ, ಬಂದದ್ದು ಏನೆಂಬುದನ್ನು ಗಣಕಯಂತ್ರವು ಕೆಲವು ಗುರುತುಗಳಿಂದ ಊಹಿಸಿಕೊಳ್ಳಬೇಕು. ಊಹೆಯು ಸಾಮಾನ್ಯವಾಗಿ ಸರಿಯಾಗಿರುವುದರಿಂದ ಅದು ನಮ್ಮ ಗಮನಕ್ಕೆ ಬರುವುದಿಲ್ಲ. ತಪ್ಪಿದಾಗಲಾದರೋ ವಿಚಿತ್ರಗಳು ನಡೆಯುತ್ತವೆ. ಅಂತಹ ಮೂರು ವಿಚಿತ್ರಗಳನ್ನೂ ಅವುಗಳ ಕಾರಣವನ್ನೂ ಪರಿಹಾರವನ್ನೂ ಈ ಲೇಖನದಲ್ಲಿ ವಿವರಿಸಲು ಯತ್ನಿಸುವೆವು.

ಒಬ್ಬನ ಪರಿಹಾರ, ಇನ್ನೊಬ್ಬನ ತೊಂದರೆ

ಸುರಪುರದ ಒಬ್ಬ ಕಾಲೇಜು ವಿದ್ಯಾರ್ಥಿಯನ್ನು ಕಲ್ಪಿಸಿಕೊಳ್ಳೋಣ. ಅವನ ಮನೆಯ ಹೊಲಕ್ಕೆ ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಬರುತ್ತದೆ. ಯಾವಾಗ ನೀರು ಕಟ್ಟಬೇಕು, ಯಾವಾಗ ಬೇಡ ಎಂಬುದನ್ನು ತಿಳಿಯಲು ನೆಲದ ತೇವವನ್ನು ಅಳೆಯುವ ಒಂದು ಸಣ್ಣ ಉಪಕರಣವನ್ನು ಅವನು ಕಟ್ಟಿದ್ದಾನೆ. ಅದರ ಹೃದಯವೆಂದರೆ ಕಡಮೆ ಬೆಲೆಗೆ ಸಿಕ್ಕುವ, ಆರ್ಡುಯಿನೊ ಮಾದರಿಯ ಒಂದು ಬೋರ್ಡು. ಅದಕ್ಕೆ ಆದೇಶಗಳನ್ನು ತುಂಬಲು ಕಾಲೇಜಿನ ಪ್ರಯೋಗಶಾಲೆಯ ಗಣಕಯಂತ್ರಕ್ಕೆ ಸಿಕ್ಕಿಸುತ್ತಾನೆ. ಬೋರ್ಡಿನ ದೀಪ ಹೊತ್ತಿಕೊಳ್ಳುತ್ತದೆ. ಪೋರ್ಟಿನ ಹೆಸರು ಒಂದು ಕ್ಷಣ ಕಾಣಿಸಿಕೊಂಡು ಒಡನೆಯೇ ಮಾಯವಾಗುತ್ತದೆ. ಕೇಬಲ್ ಬದಲಿಸಿದರೂ ಅದೇ. ಇನ್ನೊಂದು ಕಿಂಡಿಗೆ ಹಾಕಿದರೂ ಅದೇ. ಗೆಳೆಯನ ದುಬಾರಿಯ ಮೂಲ ಆರ್ಡುಯಿನೊ ಬೋರ್ಡು ಮಾತ್ರ ಅದೇ ಯಂತ್ರದಲ್ಲಿ ಸಲೀಸಾಗಿ ಕೆಲಸ ಮಾಡುತ್ತದೆ. “ಅಗ್ಗದ ವಸ್ತು ಕೊಂಡದ್ದೇ ತಪ್ಪಾಯಿತು” ಎಂದು ಅವನು ನಿಶ್ಚಯಿಸುವಷ್ಟರಲ್ಲಿ ಯಾರೋ ಒಬ್ಬರು ಹೇಳುತ್ತಾರೆ: “ಯಂತ್ರದಲ್ಲಿ ಇಂತಹದೊಂದು ತಂತ್ರಾಂಶವಿದೆ. ಅದನ್ನು ಕಿತ್ತುಹಾಕು, ಎಲ್ಲವೂ ಸರಿಹೋಗುತ್ತದೆ.” ಅವನು ಹಾಗೆಯೇ ಮಾಡುತ್ತಾನೆ. ಬೋರ್ಡು ಕೆಲಸ ಮಾಡತೊಡಗುತ್ತದೆ.

ಮಾರನೆಯ ದಿನ ಅದೇ ಯಂತ್ರದ ಮುಂದೆ ಕಣ್ಣು ಕಾಣದ ವಿದ್ಯಾರ್ಥಿನಿಯೊಬ್ಬಳು ಬಂದು ಕುಳಿತು, ತನ್ನ ಬ್ರೈಲ್ ಓದುಯಂತ್ರವನ್ನು ಸಿಕ್ಕಿಸುತ್ತಾಳೆಂದು ಭಾವಿಸೋಣ. ಪ್ರತಿದಿನವೂ ಬೆರಳಿನ ಕೆಳಗೆ ಏಳುತ್ತಿದ್ದ ಚುಕ್ಕೆಗಳು ಇಂದು ಏಳುವುದಿಲ್ಲ. ಏಕೆಂದರೆ ನಿನ್ನೆ ಕಿತ್ತುಹಾಕಿದ ತಂತ್ರಾಂಶವೇ ಅವಳ ಕಣ್ಣಾಗಿತ್ತು.

ಈ ಇಬ್ಬರು ವಿದ್ಯಾರ್ಥಿಗಳು ನಮ್ಮ ಕಲ್ಪನೆಯವರು. ಅವರನ್ನು ಕಾಡಿದ ದೋಷವು ಕಲ್ಪನೆಯದಲ್ಲ. 2022ರ ಏಪ್ರಿಲ್ ತಿಂಗಳಲ್ಲಿ ಹೊರಬಂದ ಉಬುಂಟು 22.04 ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಬಳಸಿದವರಲ್ಲಿ ಅನೇಕರು ಇದನ್ನು ಕಂಡರು. ಇದು ಹೇಗಾಯಿತೆಂಬುದನ್ನು ಅರಿಯಬೇಕಾದರೆ, ಯು.ಎಸ್.ಬಿ. ಕಿಂಡಿಯಲ್ಲಿ ನಡೆಯುವ ಪರಿಚಯದ ಕ್ರಮವನ್ನು ಮೊದಲು ತಿಳಿಯಬೇಕು.

ಕಿಂಡಿಯಲ್ಲಿ ನಡೆಯುವ ಪರಿಚಯ

ಹಿಂದಿನ ಗಣಕಯಂತ್ರಗಳಲ್ಲಿ ಮೌಸಿಗೊಂದು, ಮುದ್ರಣಯಂತ್ರಕ್ಕೊಂದು, ಕೀಲಿಮಣೆಗೊಂದು ಬೇರೆ ಬೇರೆ ಆಕಾರದ ಕಿಂಡಿಗಳಿದ್ದುವು. ಕಿಂಡಿಯ ಆಕಾರವೇ ಒಳಗೆ ಬಂದ ವಸ್ತುವಿನ ಪರಿಚಯವಾಗಿತ್ತು. 1996ರಲ್ಲಿ ಪ್ರಕಟವಾದ ಯು.ಎಸ್.ಬಿ. ನಿಯಮಾವಳಿಯು ಈ ಪರಿಪಾಟಿಯನ್ನು ಬದಲಿಸಿತು. ಬರೋಡೆಯಲ್ಲಿ ಓದಿ ಅಮೆರಿಕಕ್ಕೆ ಹೋದ ಅಜಯ್ ಭಟ್ ಎಂಬ ಎಂಜಿನಿಯರು ಇದರ ರಚನೆಯಲ್ಲಿ ಪ್ರಮುಖ ಪಾತ್ರ ವಹಿಸಿದರು. ಎಲ್ಲಕ್ಕೂ ಒಂದೇ ಬಾಗಿಲು ಎಂದಾದ ಮೇಲೆ, ಬಾಗಿಲಿಗೆ ಬಂದವರು ಯಾರೆಂದು ಕೇಳುವುದು ಅನಿವಾರ್ಯವಾಯಿತು.

ಉಪಕರಣವನ್ನು ಸಿಕ್ಕಿಸಿದೊಡನೆ ಅದರೊಳಗಿನ ಒಂದು ಸಣ್ಣ ರೋಧಕವು ಎರಡು ದತ್ತ ತಂತಿಗಳಲ್ಲಿ ಒಂದರ ವೋಲ್ಟೇಜನ್ನು ಮೇಲಕ್ಕೆ ಎಳೆಯುತ್ತದೆ. ಬಾಗಿಲು ತಟ್ಟುವ ಸದ್ದೆಂದರೆ ಇದೇ. ಗಣಕಯಂತ್ರವು ಆಗ ಉಪಕರಣವನ್ನು ಮೊದಲ ಸ್ಥಿತಿಗೆ ತಂದು, “ನೀನು ಯಾರು?” ಎಂದು ಕೇಳುತ್ತದೆ. ಅದಕ್ಕೆ ಉತ್ತರವಾಗಿ 18 ಬೈಟುಗಳ ಒಂದು ಪರಿಚಯಪತ್ರ ಬರುತ್ತದೆ. ಗಣಕಯಂತ್ರವು 1ರಿಂದ 127ರ ವರೆಗಿನ ಒಂದು ಸಂಖ್ಯೆಯನ್ನು ಅದಕ್ಕೆ ವಿಳಾಸವಾಗಿ ಕೊಡುತ್ತದೆ.

ಆ ಪರಿಚಯಪತ್ರದಲ್ಲಿ ನಮಗೆ ಮುಖ್ಯವಾದವು ಮೂರು ಅಂಶಗಳು. ಮೊದಲನೆಯದು ತಯಾರಕರ ಸಂಖ್ಯೆ. ಎರಡನೆಯದು ವಸ್ತುವಿನ ಸಂಖ್ಯೆ. ಇವೆರಡೂ 16 ಬಿಟ್ಟುಗಳ ಸಂಖ್ಯೆಗಳಾದುದರಿಂದ ಒಂದೊಂದರಲ್ಲಿಯೂ 65,536 ಬಗೆಗಳು ಸಾಧ್ಯ. ಮೂರನೆಯದು ವರ್ಗದ ಸಂಕೇತ. ಕೀಲಿಮಣೆ ಮತ್ತು ಮೌಸುಗಳದು ಒಂದು ವರ್ಗ, ಪೆನ್‌ಡ್ರೈವುಗಳದು ಇನ್ನೊಂದು, ಮುದ್ರಣಯಂತ್ರಗಳದು ಮತ್ತೊಂದು. (ವರ್ಗವನ್ನು ಈ ಪತ್ರದಲ್ಲಿಯೇ ಹೇಳದೆ, ಮುಂದೆ ಬರುವ ವಿವರಗಳಲ್ಲಿ ಹೇಳುವುದೂ ಉಂಟು.) ಯಾವ ವರ್ಗಕ್ಕೂ ಸೇರದ ಉಪಕರಣವು “ನಾನು ತಯಾರಕರು ಹೇಳಿದ ಹಾಗೆ” ಎಂಬರ್ಥದ ಸಂಕೇತವನ್ನು ಕೊಡುತ್ತದೆ. ಆಗ ಅದನ್ನು ಗುರುತಿಸಲು ಉಳಿಯುವ ಆಧಾರವೆಂದರೆ ಮುಖ್ಯವಾಗಿ ಮೊದಲಿನ ಎರಡು ಸಂಖ್ಯೆಗಳು. ನಮ್ಮ ಕಥೆಯ ಗಂಟು ಇರುವುದು ಇಲ್ಲಿಯೇ.

ಮೊದಲನೆಯ ತಪ್ಪು: ಒಂದೇ ಹೆಸರಿನ ಇಬ್ಬರು

ಸುರಪುರದ ಇತಿಹಾಸವನ್ನು ಓದುವವರಿಗೆ ಒಂದು ತೊಡಕು ಎದುರಾಗುತ್ತದೆ. ಅಲ್ಲಿಯ ದೊರೆಗಳಲ್ಲಿ ವೆಂಕಟಪ್ಪನಾಯಕ ಎಂಬ ಹೆಸರಿನವರು ಒಬ್ಬರೇ ಅಲ್ಲ. “ವೆಂಕಟಪ್ಪನಾಯಕ” ಎಂದಷ್ಟೇ ಬರೆದ ಓಲೆಯೊಂದು ಸಿಕ್ಕಿದರೆ, ಅದು 1858ರಲ್ಲಿ ಬ್ರಿಟಿಷರೊಡನೆ ಹೋರಾಡಿದ ದೊರೆಯದೋ ಅವನ ಪೂರ್ವಿಕರದೋ ಎಂಬುದು ಹೆಸರಿನಿಂದ ಮಾತ್ರವೇ ತಿಳಿಯದು. ಕಾಲವನ್ನು ನೋಡಬೇಕು, ಬರಹವನ್ನು ನೋಡಬೇಕು.

ನಮ್ಮ ವಿದ್ಯಾರ್ಥಿಯ ಬೋರ್ಡಿಗೆ ಆದದ್ದೂ ಇದೇ. ಅಗ್ಗದ ಬೋರ್ಡುಗಳಲ್ಲಿ ಸಿ.ಎಚ್. 340 ಎಂಬ ಒಂದು ಚಿಪ್ ಇರುವುದು ವಾಡಿಕೆ. ಬೋರ್ಡಿನ ಮುಖ್ಯ ಚಿಪ್ಪಿಗೆ ಯು.ಎಸ್.ಬಿ. ಭಾಷೆ ಬಾರದು, ಒಂದರ ಹಿಂದೊಂದು ಬಿಟ್ಟುಗಳನ್ನು ಕಳುಹಿಸುವ ಹಳೆಯ ಸೀರಿಯಲ್ ಪದ್ಧತಿ ಮಾತ್ರ ಗೊತ್ತು. ಇವೆರಡರ ನಡುವೆ ದುಭಾಷಿಯ ಕೆಲಸವನ್ನು ಸಿ.ಎಚ್. 340 ಮಾಡುತ್ತದೆ. ಬಾಗಿಲಲ್ಲಿ ನಿಂತು ಪರಿಚಯ ಹೇಳುವುದೂ ಈ ದುಭಾಷಿಯೇ. ಆದುದರಿಂದ ಅದು ಹೇಳುವುದು ತನ್ನ ಸಂಖ್ಯೆಯನ್ನು, ಹಿಂದೆ ನಿಂತ ಯಜಮಾನನದನ್ನಲ್ಲ. ಆ ಸಂಖ್ಯೆಯು 1ಎ86:7523. ಇದು ಹದಿನಾರರ ಆಧಾರದ ಬರಹ. ನಮ್ಮ ವಾಡಿಕೆಯ ಲೆಕ್ಕದಲ್ಲಿ 6790 ಮತ್ತು 29987. ಮೂಲ ಆರ್ಡುಯಿನೊ ಊನೊ ಬೋರ್ಡಿಗಾದರೋ ಅದರದೇ ಬೇರೆ ಸಂಖ್ಯೆಯುಂಟು. ಗೆಳೆಯನ ಬೋರ್ಡು ಏಕೆ ಸಲೀಸಾಗಿ ನಡೆಯಿತೆಂಬುದಕ್ಕೆ ಉತ್ತರ ಇದೇ. ದೋಷವು ಅಗ್ಗದ ಬೋರ್ಡಿನ ಗುಣದಲ್ಲಿರಲಿಲ್ಲ.

ಅಂಧರಿಗಾಗಿ ರಚಿತವಾದ ಒಂದು ತಂತ್ರಾಂಶವುಂಟು. ಅದರ ಹೆಸರು ಬಿ.ಆರ್.ಎಲ್.ಟಿ.ಟಿ.ವೈ. ಅದರ ಕೆಲಸ 1995ರಲ್ಲಿ ಮೊದಲಾಯಿತು. ಪರದೆಯ ಮೇಲಿನ ಅಕ್ಷರಗಳನ್ನು ಅದು ಬ್ರೈಲ್ ಓದುಯಂತ್ರಕ್ಕೆ ಕಳುಹಿಸುತ್ತದೆ. ಓದುಯಂತ್ರದಲ್ಲಿ ಸಾಲಾಗಿ ಕೋಶಗಳಿರುತ್ತವೆ; ಒಂದೊಂದು ಕೋಶದಲ್ಲಿ ಸಾಮಾನ್ಯವಾಗಿ ಎಂಟು ಸೂಕ್ಷ್ಮವಾದ ಕಡ್ಡಿಗಳು. ವಿದ್ಯುತ್ತು ಹರಿದಾಗ ಬಾಗುವ ಗುಣವುಳ್ಳ ಪಟ್ಟಿಗಳು ಬೇಕಾದ ಕಡ್ಡಿಗಳನ್ನು ಮೇಲಕ್ಕೆ ಎತ್ತುತ್ತವೆ. ಓದುವವರ ಬೆರಳಿಗೆ ಅವು ಬ್ರೈಲ್ ಅಕ್ಷರದ ಚುಕ್ಕೆಗಳಾಗಿ ತಿಳಿಯುತ್ತವೆ. ಒಂದು ಸಾಲನ್ನು ಓದಿದ ಮೇಲೆ ಚುಕ್ಕೆಗಳು ಇಳಿದು ಮುಂದಿನ ಸಾಲು ಏಳುತ್ತದೆ.

ಈ ತಂತ್ರಾಂಶವು ಯಾರ ಅಪ್ಪಣೆಯನ್ನೂ ಕಾಯದೆ ತಾನಾಗಿಯೇ ಏಕೆ ಮುಂದೆ ಬರಬೇಕು? ಸ್ವಲ್ಪ ಯೋಚಿಸಿದರೆ ಕಾರಣ ಹೊಳೆಯುತ್ತದೆ. “ಹೊಸ ಉಪಕರಣ ಬಂದಿದೆ, ಒಪ್ಪಿಗೆಯೇ?” ಎಂದು ಪರದೆಯ ಮೇಲೆ ಕೇಳಿದರೆ, ಪರದೆಯನ್ನು ನೋಡಲಾರದವರು ಅದನ್ನು ಓದುವುದು ಹೇಗೆ? ಓದುವ ಸಾಧನವೇ ಇನ್ನೂ ಕೆಲಸ ಮಾಡುತ್ತಿಲ್ಲವಲ್ಲ! ಆದುದರಿಂದ ಸಿಕ್ಕಿಸಿದೊಡನೆ ಅದು ತಾನಾಗಿಯೇ ಎಚ್ಚರಗೊಳ್ಳುವುದು ಸೌಜನ್ಯ ಮಾತ್ರವಲ್ಲ, ಅಗತ್ಯ.

ಎಚ್ಚರಗೊಳ್ಳಲು ಅದಕ್ಕೆ ಒಂದು ಪಟ್ಟಿ ಬೇಕು. ಯಾವ ಯಾವ ಸಂಖ್ಯೆ ಕಂಡರೆ ಬ್ರೈಲ್ ಓದುಯಂತ್ರವೆಂದು ತಿಳಿಯಬೇಕೆಂಬ ಪಟ್ಟಿ ಅದು. ಅಮೆರಿಕದ ಅಂಧರ ಗ್ರಂಥಾಲಯ ಸೇವೆಯವರಿಗಾಗಿ ತಯಾರಾದ, 20 ಕೋಶಗಳ ಒಂದು ಓದುಯಂತ್ರದ ಸಂಖ್ಯೆಯೂ ಆ ಪಟ್ಟಿಗೆ ಸೇರಿತು. ಅದರ ಬಾಗಿಲಲ್ಲಿ ಪರಿಚಯ ಹೇಳುವ ಸಂಖ್ಯೆಯೂ 1ಎ86:7523! ಎರಡು ಮನೆಗಳಲ್ಲಿ ಒಂದೇ ಜಾತಿಯ ದುಭಾಷಿ. ಎರಡು ಬಾಗಿಲುಗಳಲ್ಲಿಯೂ ಒಂದೇ ಉತ್ತರ. ಹೀಗಾಗಿ ತೇವ ಅಳೆಯುವ ಬೋರ್ಡನ್ನು ಸಿಕ್ಕಿಸಿದಾಗ ಬ್ರೈಲ್ ತಂತ್ರಾಂಶವು “ನನ್ನ ಓದುಯಂತ್ರ ಬಂದಿತು” ಎಂದು ಧಾವಿಸಿ, ಮೊದಲೇ ಅದನ್ನು ಹಿಡಿದಿದ್ದ ಸೀರಿಯಲ್ ಡ್ರೈವರಿನ ಕೈಯಿಂದ ಕಿತ್ತುಕೊಂಡಿತು. ಪೋರ್ಟಿನ ಹೆಸರು ಒಂದು ಕ್ಷಣ ಕಾಣಿಸಿ ಮಾಯವಾದದ್ದು ಇದರಿಂದಲೇ.

ಎರಡನೆಯ ತಪ್ಪು: ಮಾತನ್ನು ಅಪಾರ್ಥ ಮಾಡುವುದು

ಹೆಸರನ್ನಲ್ಲದೆ ನಡತೆಯನ್ನು ನೋಡಿ ಗುರುತಿಸುವಾಗಲೂ ತಪ್ಪಾಗುವುದುಂಟು. ಇದು ಶಹಾಪುರದ ಬೆಟ್ಟದಲ್ಲಿ ಬುದ್ಧನನ್ನು ಕಾಣುವ ಬಗೆಯದು.

ಉಪಗ್ರಹಗಳ ಸಂಕೇತದಿಂದ ಸ್ಥಳವನ್ನು ತಿಳಿಸುವ ಜಿ.ಪಿ.ಎಸ್. ಗ್ರಾಹಕವನ್ನು ಎಲ್ಲರೂ ಬಲ್ಲರು. ಗಣಕಯಂತ್ರಕ್ಕೆ ಸಿಕ್ಕಿಸುವ ಗ್ರಾಹಕಗಳಲ್ಲಿ ಅನೇಕವು, ಯಾರೂ ಕೇಳದಿದ್ದರೂ, ಸೆಕೆಂಡಿಗೊಮ್ಮೆ ತಾವಿರುವ ಸ್ಥಳವನ್ನು ಸೀರಿಯಲ್ ಪದ್ಧತಿಯಲ್ಲಿ ಹೇಳುತ್ತಲೇ ಇರುತ್ತವೆ. ಯಾದಗಿರಿಯಲ್ಲಿದ್ದರೆ ಸುಮಾರು 16 ಡಿಗ್ರಿ 46 ಮಿನಿಟು ಉತ್ತರ, 77 ಡಿಗ್ರಿ 8 ಮಿನಿಟು ಪೂರ್ವ ಎಂಬಂತೆ ಅದರ ಪಾಠ ಸಾಗುತ್ತದೆ. ಇಂತಹ ಗ್ರಾಹಕವನ್ನು ಸಿಕ್ಕಿಸಿಟ್ಟು ವಿಂಡೋಸ್ ಯಂತ್ರವನ್ನು ಚಾಲೂ ಮಾಡಿದಾಗ ಒಂದು ಸೋಜಿಗ ನಡೆಯುವುದುಂಟು. ಮೌಸನ್ನು ಯಾರೂ ಮುಟ್ಟದಿದ್ದರೂ ಪರದೆಯ ಮೇಲಿನ ಬಾಣವು ಹುಚ್ಚೆದ್ದು ಹಾರಾಡುತ್ತದೆ, ತಾನಾಗಿಯೇ ಗುಂಡಿಗಳನ್ನು ಒತ್ತುತ್ತದೆ, ಕಡತಗಳನ್ನು ತೆರೆಯುತ್ತದೆ. ಇದನ್ನು ಕಂಡವರು ಯಂತ್ರಕ್ಕೆ ವೈರಸ್ ತಗಲಿತೆಂದು ಹೆದರುವುದು ಸಹಜ.

ನಿಜವಾದ ಕಾರಣ ಸರಳವಾದುದು. ಯು.ಎಸ್.ಬಿ.ಗೆ ಮುಂಚೆ ಸೀರಿಯಲ್ ಕಿಂಡಿಗೆ ಸಿಕ್ಕಿಸುವ ಮೌಸುಗಳಿದ್ದುವು. ಅವು ಮೂರು ಮೂರು ಬೈಟುಗಳ ಗುಂಪಿನಲ್ಲಿ, ಎಷ್ಟು ಅಡ್ಡಕ್ಕೆ ಸರಿಯಿತು, ಎಷ್ಟು ಮೇಲೆ ಕೆಳಗೆ ಸರಿಯಿತು, ಯಾವ ಗುಂಡಿ ಒತ್ತಿತು ಎಂಬುದನ್ನು ತಿಳಿಸುತ್ತಿದ್ದುವು. ಅಂತಹ ಹಳೆಯ ಮೌಸು ಇದ್ದೀತೆಂದು ವಿಂಡೋಸ್ ಸೀರಿಯಲ್ ಕಿಂಡಿಗಳಿಗೆ ಕಿವಿಗೊಡುತ್ತದೆ. ಆ ಹೊತ್ತಿಗೆ ಗ್ರಾಹಕವು ಮಾತಾಡುತ್ತಿದ್ದರೆ ಅದನ್ನೇ ಮೌಸೆಂದು ಬಗೆಯುತ್ತದೆ. ಆಮೇಲೆ ಅಕ್ಷಾಂಶ ರೇಖಾಂಶಗಳೆಲ್ಲ ಬಾಣದ ಚಲನೆಗಳಾಗಿಬಿಡುತ್ತವೆ!

ಪರಿಹಾರವೂ ಅಷ್ಟೇ ಸರಳ. ಡಿವೈಸ್ ಮ್ಯಾನೇಜರನ್ನು ತೆರೆದು ಮೌಸುಗಳ ಪಟ್ಟಿಯನ್ನು ನೋಡಬೇಕು. ಅಲ್ಲಿ ನಮ್ಮಲ್ಲಿಲ್ಲದ “ಸೀರಿಯಲ್ ಬಾಲ್‌ಪಾಯಿಂಟ್” ಎಂಬ ಒಂದು ಮೌಸು ಕಾಣಿಸುತ್ತದೆ. ಅದನ್ನು ನಿಷ್ಕ್ರಿಯಗೊಳಿಸಬೇಕು. ಅಳಿಸಿಹಾಕಿದರೆ ಸಾಲದು, ಅಳಿಸಿದ್ದನ್ನು ವಿಂಡೋಸ್ ಮುಂದಿನ ಸಲ ಮತ್ತೆ ಹೊಸದಾಗಿ “ಕಂಡುಹಿಡಿಯುತ್ತದೆ”. ಯಂತ್ರವು ಪೂರ್ತಿಯಾಗಿ ಚಾಲೂ ಆದ ಮೇಲೆಯೇ ಗ್ರಾಹಕವನ್ನು ಸಿಕ್ಕಿಸುವುದು ಇನ್ನೊಂದು ಉಪಾಯ.

ಮೂರನೆಯ ತಪ್ಪು: ಎಲ್ಲರನ್ನೂ ಕೇಳುವುದು

ಯಾದಗಿರಿಯು ಮುಂಬಯಿಯಿಂದ ಚೆನ್ನೈಗೆ ಹೋಗುವ ರೈಲುಮಾರ್ಗದಲ್ಲಿದೆ. ಮುಖಪರಿಚಯವಿಲ್ಲದ ಅತಿಥಿಯನ್ನು ಕರೆತರಲು ನಿಲ್ದಾಣಕ್ಕೆ ಹೋದವನು ಏನು ಮಾಡುವನು? ಇಳಿದು ಬಂದ ಒಬ್ಬೊಬ್ಬರನ್ನೂ ತಡೆದು “ನೀವೇ ಏನು ಬರಬೇಕಾದವರು?” ಎಂದು ಕೇಳುವನು. ಕ್ರಮವು ಪ್ರಾಮಾಣಿಕವಾದದ್ದೇ. ಆದರೆ ಅವಸರದಲ್ಲಿರುವ ಬೇರೆ ಪ್ರಯಾಣಿಕರಿಗೆ ಅದರಿಂದ ತಡವಾಗುವುದು.

ಲಿನಕ್ಸ್ ಯಂತ್ರಗಳಲ್ಲಿರುವ ಮೋಡೆಮ್ ಮ್ಯಾನೇಜರ್ ಎಂಬ ತಂತ್ರಾಂಶದ ಕ್ರಮ ಇದೇ. ಮೊಬೈಲ್ ಅಂತರ್ಜಾಲದ ಯು.ಎಸ್.ಬಿ. ಮೋಡೆಮನ್ನು ತಾನಾಗಿಯೇ ಗುರುತಿಸುವುದು ಅದರ ಉದ್ದೇಶ. ಅನೇಕ ಮೋಡೆಮುಗಳೂ ಸೀರಿಯಲ್ ಪೋರ್ಟುಗಳಂತೆಯೇ ತೋರುವುದರಿಂದ, ಹೊಸ ಪೋರ್ಟು ಬಂದಾಗ ಅದು “ಎ.ಟಿ.” ಎಂಬ ಎರಡು ಅಕ್ಷರಗಳಿಂದ ಮೊದಲಾಗುವ ಪ್ರಶ್ನೆಯನ್ನು ಕೇಳುತ್ತದೆ. 1981ರ ಹೇಸ್ ಮೋಡೆಮಿನಿಂದ ಬಂದ ಈ ಪದ್ಧತಿಯಲ್ಲಿ ಆ ಅಕ್ಷರಗಳಿಗೆ “ಇತ್ತ ಗಮನಿಸು” ಎಂದು ಅರ್ಥ. ಮೋಡೆಮಾದರೆ “ಸರಿ” ಎನ್ನುತ್ತದೆ. ಆರ್ಡುಯಿನೊ ಬೋರ್ಡಿಗೆ ಇದು ತಿಳಿಯದ ಭಾಷೆ. ಮೇಲಾಗಿ, ಪೋರ್ಟನ್ನು ತೆರೆದ ಮಾತ್ರಕ್ಕೆ ಅನೇಕ ಬೋರ್ಡುಗಳು ತಮ್ಮ ಕೆಲಸವನ್ನು ಮೊದಲಿನಿಂದ ಆರಂಭಿಸಿಬಿಡುತ್ತವೆ. ಆ ಕೆಲವು ಸೆಕೆಂಡುಗಳಲ್ಲಿ ನಾವು ಆದೇಶ ತುಂಬಲು ಹೋದರೆ “ಪೋರ್ಟು ಬಿಡುವಾಗಿಲ್ಲ” ಎಂಬ ಉತ್ತರ ಬರುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಎಲ್ಲವೂ ತಾನಾಗಿಯೇ ಸರಿಯಾಗಿರುತ್ತದೆ. ಒಮ್ಮೆ ಕಂಡು ಒಮ್ಮೆ ಮರೆಯಾಗುವ ಇಂತಹ ದೋಷಗಳು ಮನುಷ್ಯನ ತಾಳ್ಮೆಯನ್ನು ಬಹಳವಾಗಿ ಪರೀಕ್ಷಿಸುತ್ತವೆ. ಈ ತಂತ್ರಾಂಶದ ಹೊಸ ಆವೃತ್ತಿಗಳು ಪ್ರಶ್ನೆ ಕೇಳುವ ಮೊದಲು ಹೆಚ್ಚು ವಿವೇಚನೆ ತೋರುತ್ತವೆ.

ದೋಷವನ್ನು ಹುಡುಕುವ ಕ್ರಮ

ಈ ಮೂರು ಉದಾಹರಣೆಗಳಿಂದ ಒಂದು ಸಾಮಾನ್ಯ ಕ್ರಮವನ್ನು ರೂಪಿಸಿಕೊಳ್ಳಬಹುದು. ಅದು ವೈದ್ಯನ ಕ್ರಮ. ಮೊದಲು ಪರೀಕ್ಷೆ, ಆಮೇಲೆ ಔಷಧ.

ಮೊದಲು ಸರಳವಾದ ಕಾರಣಗಳನ್ನು ಕಳೆಯಬೇಕು. ಮೊಬೈಲಿಗೆ ವಿದ್ಯುತ್ತು ತುಂಬಲೆಂದೇ ಮಾಡಿದ ಕೆಲವು ಕೇಬಲುಗಳಲ್ಲಿ ದತ್ತ ತಂತಿಗಳೇ ಇರುವುದಿಲ್ಲ. ಅವನ್ನು ಬಳಸಿದರೆ ದೀಪ ಹೊತ್ತುವುದು, ಪರಿಚಯ ಮಾತ್ರ ನಡೆಯದು. ಕೇಬಲ್, ಕಿಂಡಿ, ಗಣಕಯಂತ್ರ, ಇವುಗಳಲ್ಲಿ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ಫಲವನ್ನು ಬರೆದಿಡಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ, ಗುಣವಾದರೂ ಯಾವುದರಿಂದ ಆಯಿತೆಂಬುದು ತಿಳಿಯುವುದಿಲ್ಲ.

ಎರಡನೆಯದಾಗಿ, ಗಣಕಯಂತ್ರವು ಏನನ್ನು ಕಂಡಿತೆಂದು ಅದನ್ನೇ ಕೇಳಬೇಕು. ಲಿನಕ್ಸಿನಲ್ಲಿ “ಎಲ್‌ಎಸ್‌ಯುಎಸ್‌ಬಿ” ಎಂಬ ಆದೇಶವು ಸಿಕ್ಕಿಸಿದ ಉಪಕರಣಗಳ ಸಂಖ್ಯೆಗಳನ್ನು ತೋರಿಸುತ್ತದೆ. ವಿಂಡೋಸಿನಲ್ಲಿ ಡಿವೈಸ್ ಮ್ಯಾನೇಜರಿನ ವಿವರಗಳ ಪುಟದಲ್ಲಿ ಅವೇ ಸಂಖ್ಯೆಗಳು ಸಿಕ್ಕುತ್ತವೆ. ಉಪಕರಣವನ್ನು ಸಿಕ್ಕಿಸುವ ಮುಂಚೆ ಒಮ್ಮೆ, ಸಿಕ್ಕಿಸಿದ ಮೇಲೆ ಒಮ್ಮೆ ಪಟ್ಟಿಯನ್ನು ನೋಡಿದರೆ ಹೊಸದಾಗಿ ಬಂದದ್ದು ಯಾವುದೆಂಬುದು ತಾನೇ ತಿಳಿಯುವುದು.

ಮೂರನೆಯದಾಗಿ, ನಡೆದ ಸಂಗತಿಗಳ ದಿನಚರಿಯನ್ನು ಓದಬೇಕು. ಲಿನಕ್ಸ್ ತನ್ನ ದಿನಚರಿಯಲ್ಲಿ ಪ್ರತಿಯೊಂದು ಸಂಗತಿಯನ್ನೂ ಕಾಲಸಹಿತ ಬರೆದಿಡುತ್ತದೆ. ನಮ್ಮ ಕಥೆಯ ಬೋರ್ಡಿನ ವಿಷಯದಲ್ಲಿ ಅಲ್ಲಿ ಕಾಣುವುದು ಹೀಗೆ: ಸೀರಿಯಲ್ ಡ್ರೈವರು ಬೋರ್ಡನ್ನು ಹಿಡಿಯಿತು, ಅದೇ ಹೊತ್ತಿಗೆ ಬಿ.ಆರ್.ಎಲ್.ಟಿ.ಟಿ.ವೈ. ಅದನ್ನು ಕೇಳಿತು, ಡ್ರೈವರು ಕೈಬಿಟ್ಟಿತು. ಕಳವಿನ ಸಾಕ್ಷಿ ಇಷ್ಟು ಸ್ಪಷ್ಟವಾಗಿ ಬರೆದಿರುವಾಗ ಊಹೆಗೆ ಅವಕಾಶವೇ ಇಲ್ಲ.

ಕಡೆಯದಾಗಿ, ಪರಿಹಾರವು ದೋಷದಷ್ಟೇ ಕಿರಿದಾಗಿರಬೇಕು. ತಪ್ಪಾದದ್ದು ಪಟ್ಟಿಯ ಒಂದು ಸಾಲಿನಲ್ಲಿ. ಆ ಸಾಲಿರುವ ನಿಯಮಗಳ ಕಡತವನ್ನು ಸ್ಥಳೀಯ ನಿಯಮಗಳ ಜಾಗಕ್ಕೆ ಅದೇ ಹೆಸರಿನಲ್ಲಿ ನಕಲು ಮಾಡಿ, 1ಎ86:7523 ಎಂಬ ಸಾಲಿನ ಮುಂದೆ ಟಿಪ್ಪಣಿಯ ಚಿಹ್ನೆಯನ್ನು ಹಾಕಿ, ಯಂತ್ರವನ್ನು ಮರಳಿ ಚಾಲೂ ಮಾಡಿದರೆ ಸಾಕು. ಆ ಸಾಲಿನ ಕೆಲಸ ಮಾತ್ರ ನಿಲ್ಲುತ್ತದೆ. ಪಟ್ಟಿಯ ಉಳಿದ ಓದುಯಂತ್ರಗಳೆಲ್ಲ ಎಂದಿನಂತೆ ಎಚ್ಚರಗೊಳ್ಳುತ್ತವೆ. ಕಾಲೇಜಿನ ಯಂತ್ರವಾದರೆ ಅದನ್ನು ನೋಡಿಕೊಳ್ಳುವ ಅಧ್ಯಾಪಕರ ಅಪ್ಪಣೆ ಪಡೆಯುವುದೂ, ಅಲ್ಲಿ ಯಾರಾದರೂ ಅದೇ ಸಂಖ್ಯೆಯ ಓದುಯಂತ್ರವನ್ನು ಬಳಸುವರೇ ಎಂದು ವಿಚಾರಿಸುವುದೂ ಕರ್ತವ್ಯ. ಬಳಸುವವರಿದ್ದರೆ ಆ ಯಂತ್ರವನ್ನು ಹಾಗೆಯೇ ಬಿಟ್ಟು, ಬೋರ್ಡಿನ ಕೆಲಸವನ್ನು ಇನ್ನೊಂದು ಯಂತ್ರದಲ್ಲಿ ಮಾಡಬೇಕು.

ಕೊನೆಯ ಮಾತು

ಈ ಪ್ರಕರಣದಲ್ಲಿ ಅಪರಾಧಿ ಯಾರು? ಬೋರ್ಡು ತನ್ನ ಸಂಖ್ಯೆಯನ್ನು ಸುಳ್ಳಾಗಿ ಹೇಳಲಿಲ್ಲ. ಚಿಪ್ ತಯಾರಿಸಿದವರು ಅದನ್ನು ಯಾರಿಗೆ ಬೇಕಾದರೂ ಮಾರಬಹುದಾಗಿತ್ತು. ಬ್ರೈಲ್ ತಂತ್ರಾಂಶವು ಅಂಧರಿಗೆ ಒಂದು ಕ್ಷಣವೂ ತಡವಾಗದಿರಲೆಂದು ಓಡಿಬಂದಿತು. ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದರು. ದುಭಾಷಿಯ ಗುರುತನ್ನೇ ಯಜಮಾನನ ಗುರುತೆಂದು ತಿಳಿದ ಒಂದು ಸಾಲಿನಲ್ಲಿ ಮಾತ್ರ ತಪ್ಪು ಅಡಗಿತ್ತು.

“ಈ ತಂತ್ರಾಂಶ ನಮಗೆ ಬೇಡವಾದುದು, ಕಿತ್ತುಹಾಕಿ” ಎಂದು ಹೇಳುವುದು ಬಹಳ ಸುಲಭ. ಆದರೆ ನಮಗೆ ಬೇಡವಾದುದು ಯಾರಿಗೂ ಬೇಡವಾದುದಲ್ಲ. ಯಂತ್ರವೊಂದರಲ್ಲಿ ನಮಗೆ ಅರ್ಥವಾಗದ ಭಾಗವೊಂದು ಕಂಡಾಗ, ಅದು ಯಾರಿಗಾಗಿ ಅಲ್ಲಿದೆ ಎಂದು ಕೇಳಿ ತಿಳಿದ ಮೇಲೆಯೇ ಕೈ ಹಾಕುವುದು ಒಳ್ಳೆಯ ಎಂಜಿನಿಯರನ ಲಕ್ಷಣ. ಸುರಪುರದ ನಮ್ಮ ವಿದ್ಯಾರ್ಥಿಯು ಕಿತ್ತುಹಾಕಿದ ತಂತ್ರಾಂಶವನ್ನು ಮರಳಿ ಸ್ಥಾಪಿಸಿ, ಒಂದು ಸಾಲನ್ನು ಮಾತ್ರ ತಿದ್ದಲಿ. ಆಗ ಅದೇ ಯಂತ್ರದಲ್ಲಿ ಅವನು ಹೊಲದ ತೇವವನ್ನು ಅಳೆಯಬಹುದು. ಅವನ ಸಹಪಾಠಿಯು ಬೆರಳಿನಿಂದ ತನ್ನ ಪಾಠವನ್ನೂ ಓದಬಹುದು.